ಹುಳು ಮನೆಗೆ ಬಂದ ನವರಂಗ

ಹೋದ ವರ್ಷ ಚಿತ್ತೆ ಮಳೆ ಹಿಡಿದಿದ್ದಾಗ ಶಿಡ್ಲಘಟ್ಟದ ಹತ್ತಿರ ಅತ್ತೆ ಮನೆಯಲ್ಲಿದ್ದೆ. ಬೆಳಗ್ಗೆ ಐದೂವರೆಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಲು ಹೋದ ಅತ್ತೆ ಹುಳು ಮನೆಯಿಂದಲೇ ಕೂಗಿದರು: "ಬಾರೋ ಇಲ್ಲಿ, ಯಾವ್ದೋ ಗಿಣಿಮರಿ ಬಂದೈತೆ!"

ಗಿಣಿ ಅಲ್ಲ. ಹುಳು ಗೂಡು ಕಟ್ಟುವ ತಟ್ಟಿ, ಚಂದ್ರಂಕಿ ಒರಗಿಸಿಟ್ಟಿದ್ದ ಮೂಲೆಯಲ್ಲಿ ಮೋಟುಬಾಲದ ಹಕ್ಕಿಯೊಂದು ರೆಕ್ಕೆ ಇಳಿಬಿಟ್ಟು ಕೂತಿತ್ತು. ಹಸಿರು ಬೆನ್ನು, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ನವರಂಗ. ಮುಟ್ಟಿದರೂ ಹಾರಲಿಲ್ಲ. ಅಂಗೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ಎದೆಮೂಳೆ ಮಾತ್ರ ಬೆರಳಿಗೆ ಒತ್ತುತ್ತಿತ್ತು.

50–60 ಗ್ರಾಂ ತೂಗುವ ಹಕ್ಕಿ ಇದು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಬರುತ್ತದೆ. ಬರೋದು ರಾತ್ರಿ ಹೊತ್ತು. ಹಗಲೆಲ್ಲ ಹುಳು ಹುಪ್ಪಟೆ ಹುಡುಕಬೇಕಲ್ವಾ? ರಾತ್ರಿಯ ತಂಪಿನಲ್ಲಿ ಮೈಯ ನೀರೂ ಜಾಸ್ತಿ ಆರುವುದಿಲ್ಲ, ಡೇಗೆಗಳ ಕಾಟವೂ ಕಡಿಮೆ. ಹೊರಡುವ ಮೊದಲು ಮೈಗೆ ಹತ್ತಿಸಿಕೊಂಡ ಕೊಬ್ಬೇ ಪೆಟ್ರೋಲ್. ಅದು ಮುಗಿದರೆ ಎದೆಯ ಮಾಂಸ ಕರಗಲು ಶುರು. ನನ್ನ ಬೆರಳಿಗೆ ಸಿಕ್ಕಿದ್ದು ಅದೇ.

ಹೀಗಾಗಿ ಹಕ್ಕಿ ಗಾಳಿ ನೋಡಿ ಹೊರಡುತ್ತದೆ. ಗಂಟೆಗೆ 35 ಕಿ.ಮೀ. ಹಾರುವ ಸಣ್ಣ ಹಕ್ಕಿಗೆ ಹಿಂದಿನಿಂದ 20 ಕಿ.ಮೀ. ವೇಗದ ಗಾಳಿ ಸಿಕ್ಕರೆ ಗಂಟೆಗೆ 55 ಕಿ.ಮೀ. ದಾರಿ ಸಾಗುತ್ತದೆ. ಅದೇ ಗಾಳಿ ಎದುರಾದರೆ ಬರೀ 15. ರೆಕ್ಕೆ ಬಡಿಯುವ ಕೆಲಸ ಮಾತ್ರ ಎರಡಕ್ಕೂ ಒಂದೇ.

ಅಮೆರಿಕ, ಯುರೋಪಿನ ಹಕ್ಕಿಗಳಿಗೆ ಈ ಗಾಳಿ ತರುವುದು 'ಫ್ರಂಟ್'. ಅಂದರೆ, ತಂಪು ಗಾಳಿಯ ರಾಶಿ ಬೆಚ್ಚನೆ ಗಾಳಿಯನ್ನು ತಳ್ಳಿಕೊಂಡು ಬರುವ ಗಡಿ. ಗಡಿಯಲ್ಲಿ ಮಳೆ, ಗದ್ದಲ. ಅದು ದಾಟಿದ ಮೇಲೆ ಉತ್ತರದ ಗಾಳಿ, ತಿಳಿಯಾದ ಆಕಾಶ. ಶರತ್ಕಾಲದಲ್ಲಿ ಕಾದು ಕೂತ ಹಕ್ಕಿಗಳು ಆ ರಾತ್ರಿ ಒಟ್ಟಿಗೆ ಏಳುತ್ತವೆ. ಮಳೆ ನೋಡಲು ಇಟ್ಟ ರಾಡಾರ್‌ನಲ್ಲೇ ಅವುಗಳ ಮೋಡ ಕಾಣುತ್ತದೆ. ಫ್ರಂಟ್ ಬಂದಾಗ ಆಗುವಂತೆ ಗಾಳಿಯ ಒತ್ತಡ ಸ್ವಲ್ಪ ಬದಲಾದರೂ ಪಾರಿವಾಳಗಳಿಗೆ ಗೊತ್ತಾಗುತ್ತದೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದವರು 1974ರಲ್ಲೇ ತೋರಿಸಿದ್ದರು.

ನಮ್ಮಲ್ಲಿ ಅಂಥ ಫ್ರಂಟ್ ಬರುವುದಿಲ್ಲ. ನಮ್ಮದು ಬೇರೆ ಲೆಕ್ಕ. ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಂಗಾರಿನ ಪಡುವಣ ಗಾಳಿ ಸೋತು, ಈಶಾನ್ಯದ ಹಿಂಗಾರು ಗಾಳಿ ತಿರುಗುತ್ತದೆ. ಜತೆಗೆ ವಾರ್ತೆಯಲ್ಲಿ ಕೇಳಿ ಕೇಳಿ ಸಾಕಾದ 'ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ'. ಭೂಮಿಯ ಉತ್ತರಾರ್ಧದಲ್ಲಿ ಈ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಪಶ್ಚಿಮಕ್ಕೆ ಇರುವ ನಮ್ಮ ಕಡೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ. ಹಕ್ಕಿಗೆ ಬಿಟ್ಟಿ ಸವಾರಿ!

ಬಿಟ್ಟಿ ಅಂದೆ, ಆದರೆ ಇದರಲ್ಲೊಂದು ಮೋಸ ಇದೆ. ಗಾಳಿ ತಳ್ಳುವ ಕುಸಿತವೇ ಮಳೆಯನ್ನೂ ಕರಾವಳಿಯಿಂದ ಒಳಗೆ ತರುತ್ತದೆ. ರಾಯಲಸೀಮೆಯ ಆಚೆ ತಿಳಿ ಆಕಾಶ ನೋಡಿ ಹೊರಟ ಹಕ್ಕಿಗೆ, ಚಿಕ್ಕಬಳ್ಳಾಪುರ, ಕೋಲಾರದ ಹತ್ತಿರ ನಡುರಾತ್ರಿ ಮಳೆ ಎದುರಾಗಬಹುದು. ಪುಕ್ಕ ನೆನೆಯುತ್ತದೆ, ಮೋಡ ನಕ್ಷತ್ರ ಮುಚ್ಚುತ್ತದೆ, ಹಕ್ಕಿ ಕೆಳಗಿಳಿಯುತ್ತದೆ. ಅಂಥ ರಾತ್ರಿ ದೀಪದ ಬೆಳಕು ಅದನ್ನು ಸೆಳೆಯುತ್ತದೆ. ಹಿಂದಿನ ರಾತ್ರಿ ಹನ್ನೊಂದರ ಮೇಲೆ ನಮ್ಮಲ್ಲೂ ಜಡಿಮಳೆ. ಮಾವ ಟ್ಯೂಬ್‌ಲೈಟ್ ಆರಿಸದೆ, ಹುಳು ಮನೆ ಬಾಗಿಲೂ ಹಾಕದೆ ಮಲಗಿದ್ದರು. ನವರಂಗ ಹೀಗೇ ಬಂತು ಅನ್ನುವುದು ನನ್ನ ಊಹೆ, ಆದರೆ ಬೇರೆ ದಾರಿ ನನಗೆ ಹೊಳೆಯಲಿಲ್ಲ.

ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಕತ್ತಲೆ ಕೋಣೆಯಲ್ಲಿ ಬಿಟ್ಟೆವು. ಬಾಯಿಗೆ ನೀರು ಹಾಕಲಿಲ್ಲ, ಉಸಿರಿಗೆ ಸಿಕ್ಕಿಬಿಡುತ್ತದೆ. ಮಧ್ಯಾಹ್ನ ಡಬ್ಬಿಯೊಳಗೆ ಪರಪರ ಸದ್ದು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮುಚ್ಚಳ ತೆಗೆದರೆ, ಎರಡು ಸಲ ಕುಪ್ಪಳಿಸಿ ಲಾಂಟಾನಾ ಪೊದೆಯೊಳಗೆ ನುಗ್ಗಿ, ಒಣಗಿದ ಎಲೆ ಕೆದಕಲು ಶುರು ಮಾಡಿತು.

ಅವತ್ತು ರಾತ್ರಿ ಅತ್ತೆ ಎರಡು ಸಲ ಎದ್ದು ಹೋಗಿ ಬಾಗಿಲು ಹಾಕಿದೆಯಾ ಅಂತ ನೋಡಿ ಬಂದರು. ಹಕ್ಕಿಗೆ ಹೆದರಿ ಅಲ್ಲ, ರೇಷ್ಮೆ ಹುಳುವಿಗೆ ಕಂಟಕವಾದ ಊಜಿ ನೊಣಕ್ಕೆ.