ಮೀನು ಓಡೋಕೆ ಶುರು ಮಾಡಿದ ಆ ಮೊದಲ ಕ್ಷಣ

ಫ್ಲೈ ಫಿಶಿಂಗ್ ರೀಲ್ ನೋಡಿದ ತುಂಬಾ ಜನ ಕೇಳ್ತಾರೆ, ಒಂದು ಚಕ್ರ ಒಂದು ಹಿಡಿ, ದಾರ ಸುತ್ತಿಡೋಕೆ ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಬೇಕಾ ಅಂತ. ಕೇಳೋದು ಸಹಜಾನೇ. ಬೇರೆ ಗಾಳಗಳಲ್ಲಿ ತುದೀಲಿರೋ ತೂಕ ದಾರವನ್ನ ಎಳ್ಕೊಂಡು ಹೋಗತ್ತೆ, ಇಲ್ಲಿ ಹಾಗಲ್ಲ, ತುದೀಲಿರೋದು ಗರಿ ನೂಲು ಸುತ್ತಿ ಮಾಡಿದ ನಕಲಿ ಹುಳ, ಅದಕ್ಕೆ ತೂಕಾನೇ ಇಲ್ಲ ಅನ್ನಬಹುದು, ನಾವು ಬೀಸೋದು ದಪ್ಪ ಲೈನನ್ನೇ. ಹಾಗಾಗಿ ಬೀಸೋವಾಗ ರೀಲ್‌ಗೆ ಅಷ್ಟೇನೂ ಕೆಲಸ ಇರಲ್ಲ, ಅದಕ್ಕೆ ನಿಜವಾದ ಪರೀಕ್ಷೆ ದೊಡ್ಡ ಮೀನು ಕಚ್ಚಿ ಓಡಿದಾಗ.

ಲೈನ್‌ನ ಕೊನೇಲಿ ಟಿಪೆಟ್ ಅಂತ ಸಣ್ಣ ಎಳೆ ಇರತ್ತೆ. 5ಎಕ್ಸ್ ಅನ್ನೋ ಅಳತೇದು ಸುಮಾರು 0.15 ಮಿಲಿಮೀಟರ್ ದಪ್ಪ, ಹೆಚ್ಚುಕಮ್ಮಿ 2 ಕೆಜಿ ಎಳೆತಕ್ಕೆ ತುಂಡಾಗತ್ತೆ. ರೀಲ್‌ನ ಬ್ರೇಕಿಗೆ ಡ್ರ್ಯಾಗ್ ಅಂತಾರೆ, ಅದು ಮೀನನ್ನ ಸುಸ್ತು ಮಾಡ್ಬೇಕು, ಆದ್ರೆ ಈ ಎಳೆ ಕಡೀಬಾರದು.

ಭಾರದ ಬೀರು ತಳ್ಳಿದ್ದೀರಲ್ಲ, ಅಲ್ಲಾಡಿಸೋಕೆ ಜೋರಾಗಿ ನೂಕ್ಬೇಕು, ಒಮ್ಮೆ ಜಾರೋಕೆ ಶುರುವಾದ್ರೆ ಅಷ್ಟು ಬಲ ಬೇಡ. ಡ್ರ್ಯಾಗ್ ಒಳಗೆ ಉಜ್ಜಿ ಬ್ರೇಕ್ ಹಾಕೋ ಬಿಲ್ಲೆಗಳದ್ದೂ ಇದೇ ಕಥೆ. ನೀವು 1 ಕೆಜಿಗೆ ಸೆಟ್ ಮಾಡಿರ್ತೀರ, ಆದ್ರೆ ಸ್ಪೂಲ್ (ಲೈನ್ ಸುತ್ತಿರೋ ಚಕ್ರ) ನಿಂತಲ್ಲಿಂದ ಹೊರಡೋವಾಗ ಅದಕ್ಕಿಂತ ಎಷ್ಟೋ ಹೆಚ್ಚು ಎಳೆತ ಬೇಕಾದ್ರೆ ಟಿಪೆಟ್ ಅಲ್ಲೇ ಹೋಯ್ತು. ಕಾರ್ಕ್, ಟೆಫ್ಲಾನ್, ಕಾರ್ಬನ್ ಫೈಬರ್ ಬಿಲ್ಲೆಗಳನ್ನ ಬಳಸೋದೇ ಹೊರಡೋವಾಗಿನ ಘರ್ಷಣೆಗೂ ತಿರುಗೋವಾಗಿನ ಘರ್ಷಣೆಗೂ ವ್ಯತ್ಯಾಸ ಕಮ್ಮಿ ಇರ್ಲಿ ಅಂತ. ರೀಲ್ ಎಷ್ಟು ಬಿಗಿಯಾಗಿ ಹಿಡಿಯತ್ತೆ ಅನ್ನೋದಕ್ಕಿಂತ ಎಷ್ಟು ನಯವಾಗಿ ಬಿಡೋಕೆ ಶುರು ಮಾಡತ್ತೆ ಅನ್ನೋದೇ ನನಗೆ ಮುಖ್ಯ.

ಇನ್ನೊಂದು ಸಮಸ್ಯೆ ತಕ್ಷಣ ಕಾಣಲ್ಲ. ಮೀನು ಲೈನ್ ಎಳ್ಕೊಂಡು ಹೋದಹಾಗೆಲ್ಲಾ ಸ್ಪೂಲ್ ಮೇಲಿನ ಸುತ್ತು ಸಣ್ಣದಾಗ್ತಾ ಹೋಗತ್ತೆ, ಬ್ರೇಕ್ ಮಾತ್ರ ಅಷ್ಟೇ ಇರತ್ತೆ, ಅಂದ್ರೆ 9 ಸೆಂಟಿಮೀಟರ್ ಅಗಲದ ಸುತ್ತು 4.5ಕ್ಕೆ ಇಳಿದ್ರೆ 1 ಕೆಜಿ ಇದ್ದ ಎಳೆತ ನೀವು ಏನೂ ಮುಟ್ಟದೇನೇ 2 ಕೆಜಿ ಆಗತ್ತೆ, ಜೊತೆಗೆ ನೀರಲ್ಲಿರೋ ಉದ್ದ ಲೈನ್ ಕೂಡ ಜಗ್ತಾ ಇರತ್ತೆ. ಇದಕ್ಕೇ ನಡುವಿನ ದಿಂಡನ್ನ ದಪ್ಪ ಮಾಡಿದ ಲಾರ್ಜ್ ಆರ್ಬರ್ ರೀಲ್‌ಗಳು ಬಂದಿದ್ದು. ಸುತ್ತು 9ರಿಂದ 7ಕ್ಕೆ ಇಳಿದ್ರೆ ಎಳೆತ 1.3 ಕೆಜಿ ಹತ್ರ ನಿಲ್ಲತ್ತೆ. ಇನ್ನೂ ಒಂದು ಲಾಭ ಇದೆ, ಮೀನು ತಿರುಗಿ ನಮ್ಮ ಕಡೆಗೇ ಓಡಿ ಬಂದ್ರೆ ಪ್ರತಿ ಸುತ್ತಿಗೂ ಜಾಸ್ತಿ ಲೈನ್ ಒಳಗೆ ಬರತ್ತೆ, ಹೆಚ್ಚಿನ ಫ್ಲೈ ರೀಲ್‌ಗಳಲ್ಲಿ ಹಿಡಿ ಒಂದು ಸಲ ತಿರುಗಿದ್ರೆ ಸ್ಪೂಲ್ ಕೂಡ ಒಂದೇ ಸಲ ತಿರುಗೋದಲ್ವಾ.

ಆದ್ರೆ ದೊಡ್ಡ ಸ್ಪೂಲ್ ಅಂದ್ರೆ ಲೋಹ ಜಾಸ್ತಿ, ಅದೂ ಅಂಚಲ್ಲಿ. ತಿರುಗೋ ವಸ್ತುವಿನಲ್ಲಿ ನಡುವಿಂದ ಎರಡರಷ್ಟು ದೂರ ಇರೋ ಒಂದು ಗ್ರಾಂ ನಾಲ್ಕರಷ್ಟು ಜಡತ್ವ ಕೊಡತ್ತೆ, ಮೀನು ಗಕ್ಕನೆ ಜಿಗಿದಾಗ ಅದನ್ನೆಲ್ಲಾ ತಿರುಗಿಸೋ ಬಲ ಆ ಸಣ್ಣ ಎಳೆ ಮೂಲಕಾನೇ ಹೋಗ್ಬೇಕು. ಅದಕ್ಕೇ ಅಂಚಿನ ಹತ್ರ ಕೊರೆದ ತೂತಿಗೆ ಬೆಲೆ. ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ತಗೊಂಡ ರೀಲ್‌ನಲ್ಲೇ ಪಕ್ಕದ ತಟ್ಟೆ ತುಂಬಾ ತೂತುಗಳಿದ್ವು, ತೂಕಾನೂ ಇಳೀತು, ಒದ್ದೆ ಲೈನಿಗೆ ಗಾಳೀನೂ ಆಡ್ತು.

ಬಿಸಿ ವಿಷಯ ಬಹಳ ಜನ ಮರೀತಾರೆ. 20 ನ್ಯೂಟನ್ ಎಳೆತದಲ್ಲಿ ಮೀನು 100 ಮೀಟರ್ ಓಡಿದ್ರೆ ಬ್ರೇಕಲ್ಲಿ 2000 ಜೂಲ್ ಶಾಖ ಹುಟ್ಟತ್ತೆ, ಅದಷ್ಟೂ 100 ಗ್ರಾಂ ಅಲ್ಯೂಮಿನಿಯಂಗೆ ಹೋದ್ರೆ ಸುಮಾರು 22 ಡಿಗ್ರಿ ಬಿಸಿ ಏರತ್ತೆ. ಬಿಲ್ಲೆ ಬಿಸಿಯಾದ್ರೆ ಘರ್ಷಣೆ ಬದಲಾಗಬಹುದು, ಆದ್ದರಿಂದ ಆ ಶಾಖ ಲೋಹದ ಮೈಗೆ ಬೇಗ ಹರಿದು ಹೋಗೋ ದಾರಿ ಬೇಕು, ಉಪ್ಪುನೀರು ಬರದ ಹಾಗೆ ಡ್ರ್ಯಾಗನ್ನ ಪೂರ್ತಿ ಸೀಲ್ ಮಾಡಿದ್ರೂ ಕೂಡ.

ರೀಲ್ ಕೈಗೆ ಸಿಕ್ಕಾಗ ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ, ಎರಡು ಬೆರಳಲ್ಲಿ ಲೈನ್ ಹಿಡಿದು ತುಂಬಾ ನಿಧಾನ ಎಳೀರಿ. ಬೆರಳಿಗೆ ಟಕ್ ಅಂತ ಸಣ್ಣ ತಡೆ ಸಿಕ್ಕಿ ಆಮೇಲೆ ಜಾರಿದ್ರೆ ಮೀನು ಓಡೋವಾಗ ಟಿಪೆಟ್‌ಗೂ ಅದೇ ಸಿಗೋದು. ಕಾರ್ಕ್ ಬಿಲ್ಲೆ ಇದ್ರೆ ಎತ್ತಿಡೋ ಮುಂಚೆ ಡ್ರ್ಯಾಗ್ ಸಡಿಲ ಮಾಡಿ, ಬಿಗಿಯಾಗೇ ಬಿಟ್ರೆ ಕಾರ್ಕ್ ಒತ್ತಿ ಚಪ್ಪಟೆಯಾಗಿ ಆ ಟಕ್ ಶುರುವಾಗತ್ತೆ.