ಗಿಡ ಹೀರಿದ ಲೋಹ ಎಲ್ಲಿಗೆ ಹೋಯಿತು? ಫೈಟೊರೆಮಿಡಿಯೇಶನ್ ಟಿಪ್ಪಣಿ

ಕೆಟ್ಟ ಮಣ್ಣನ್ನು ಗಿಡಗಳಿಂದ ಹಸನು ಮಾಡಿಸುವುದೇ ಫೈಟೊರೆಮಿಡಿಯೇಶನ್. ಸೀಸ, ಕ್ಯಾಡ್ಮಿಯಂ, ತಾಮ್ರ ಮೂಲಧಾತುಗಳು. ಚೆಲ್ಲಿದ ಎಣ್ಣೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬಹುದು, ಲೋಹವನ್ನಲ್ಲ. ಗಿಡ ಅದರ ಜಾಗ ಬದಲಿಸುತ್ತದೆ, ಇಲ್ಲವೇ ಇದ್ದಲ್ಲೇ ಕಟ್ಟಿಹಾಕುತ್ತದೆ. ಬೇರಿನಿಂದ ಎಲೆಗೆ ಏರಿಸಿದರೆ ಫೈಟೊಎಕ್ಸ್‌ಟ್ರಾಕ್ಷನ್. ಬೇರಿನ ಬುಡದಲ್ಲೇ ಹಿಡಿದಿಟ್ಟರೆ ಫೈಟೊಸ್ಟೆಬಿಲೈಸೇಶನ್. ಪಾದರಸ, ಸೆಲೆನಿಯಂ ಆವಿಯಾಗಿ ಹೋಗುವ ಇನ್ನೊಂದು ದಾರಿಯೂ ಇದೆ, ಪರೀಕ್ಷೆಗೆ ಅಷ್ಟು ನೆನಪಿದ್ದರೆ ಸಾಕು.

ಗಿಡ ಎಷ್ಟು ಲೋಹ ಎತ್ತೀತು ಎಂಬ ಲೆಕ್ಕವನ್ನು ಶಿರಸಿ ಕಡೆಯವರು ತೋಟದಲ್ಲೇ ಮಾಡಿ ನೋಡಬಹುದು. ಅಡಿಕೆಯ ಕೊಳೆ ರೋಗಕ್ಕೆ ಕೊನೆಗೌಡ ಮರ ಹತ್ತಿ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಆ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವೇ. ಮಳೆಗೆ ತೊಳೆದು ಬಿದ್ದದ್ದು ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ಬಹುಪಾಲು ಅಲ್ಲೇ ಉಳಿಯುತ್ತದೆ. ಚೂರು ತಾಮ್ರ ಗಿಡಕ್ಕೂ ಬೇಕು, ಅತಿಯಾದರೆ ಬೇರಿಗೇ ಪೆಟ್ಟು.

ಒಂದು ಹೆಕ್ಟೇರಿನ 15 ಸೆಂ.ಮೀ. ಮೇಲ್ಮಣ್ಣು ಹೆಚ್ಚುಕಡಿಮೆ 2,000 ಟನ್ ತೂಗುತ್ತದೆ. ಕಿಲೋ ಮಣ್ಣಿಗೆ 100 ಮಿ.ಗ್ರಾಂ. ತಾಮ್ರ ಇಳಿಸಬೇಕೆಂದರೆ 200 ಕಿಲೋ ತಾಮ್ರ ತೋಟದಿಂದ ಹೊರಬೀಳಬೇಕು. ವರ್ಷಕ್ಕೆ 10 ಟನ್ ಒಣ ಸೊಪ್ಪು ಕೊಡುವ ಬೆಳೆ, ಕಿಲೋ ಸೊಪ್ಪಿನಲ್ಲಿ 100 ಮಿ.ಗ್ರಾಂ. ಎಂದು ಧಾರಾಳವಾಗಿಯೇ ಹಿಡಿಯೋಣ. ಎತ್ತಿದ್ದು 1 ಕಿಲೋ. ಅಂದರೆ 200 ವರ್ಷ! ಅಷ್ಟರಲ್ಲಿ ಎಷ್ಟು ಮಳೆಗಾಲದ ಔಷಧಿ ಬಿದ್ದಿರುತ್ತದೋ. ತಾಮ್ರದ ಮಟ್ಟಿಗೆ ಹೀರಿಸುವ ಆಸೆ ಬಿಟ್ಟು ಹುಳಿ ಮಣ್ಣಿಗೆ ಸುಣ್ಣ ಕೊಡುವುದೇ ಮೇಲು. ಹುಳಿ ಇಳಿದರೆ ತಾಮ್ರದ ಓಡಾಟವೂ ತಗ್ಗುತ್ತದೆ.

ಹಾಗಾದರೆ ಹೀರಿಸುವುದು ಎಲ್ಲಿ ಫಲ ಕೊಡುತ್ತದೆ? ಒಣ ಎಲೆಯಲ್ಲಿ ಶೇ. 0.1 ನಿಕಲ್ ಕೂಡಿಡುವಂಥ ಅತಿಸಂಗ್ರಾಹಕ ಗಿಡಗಳಿದ್ದಲ್ಲಿ. ಹಳೆ ಗೋಡೆಯ ಸಂದಿಯಲ್ಲೂ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರಿಗಿಡ ಆರ್ಸೆನಿಕ್ ಅನ್ನು ಎಲೆಗೆ ತುಂಬಿಕೊಳ್ಳುತ್ತದೆಂದು 2001ರಲ್ಲಿ ಅಮೆರಿಕದ ಫ್ಲೋರಿಡಾದ ಸಂಶೋಧಕರು ತೋರಿಸಿದರು. ಸಾಸಿವೆಗೆ ಸೀಸ ಹೀರಿಸಲು ಇಡಿಟಿಎ (ಮಣ್ಣಿಗಂಟಿದ ಲೋಹವನ್ನು ಸಡಿಲಿಸುವ ರಾಸಾಯನಿಕ) ಸುರಿಯುವ ಉಪಾಯ ಪುಸ್ತಕದಲ್ಲಿದೆ. ನಮ್ಮ ಕರಾವಳಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ: ಇಡಿಟಿಎ ಸಡಿಲಿಸಿದ ಸೀಸ ಗಿಡಕ್ಕೆ ಸಿಗುವ ಮೊದಲೇ ಆಷಾಢದ ಮಳೆಗೆ ಬಾವಿಗೆ ಇಳಿದೀತು.

ಲಾವಂಚ ಬೇರೆ ಜಾತಿಯ ಕೆಲಸಗಾರ. ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ, ಹೀರಿದ ಲೋಹದ ಹೆಚ್ಚಿನ ಪಾಲನ್ನು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ತೊಡಕು ಇರುವುದೂ ಇಲ್ಲೇ, ನಾವು ಬಳಸುವುದೇ ಬೇರನ್ನು. ಕೆಟ್ಟ ಮಣ್ಣಿಗೆ ನೆಟ್ಟ ಲಾವಂಚದ ಬೇರು ಕುಡಿಯುವ ನೀರಿನ ಕೊಡಕ್ಕೂ ಹೋಗಬಾರದು, ಸಂತೆಗೂ ಹೋಗಬಾರದು.