ಹಳೆಯ ಫಿಯೆಟ್ಟಿಗಾಗಿ ಇನ್ನೊಂದು ಫಿಯೆಟ್ ಕೊಳ್ಳಬಹುದೇ?

ಪ್ರಶ್ನೆ: ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು (ನಮ್ಮ ಕಡೆಯ ಮಾತಿನಲ್ಲಿ ಫಿಯೆಟ್) ಧಾರವಾಡದ ನಮ್ಮ ಮನೆಯಲ್ಲಿದ್ದು, ಇಂದಿಗೂ ಹುಬ್ಬಳ್ಳಿಗೆ ಹೋಗಿ ಬರುತ್ತದೆ. ಆದರೆ ಬಿಡಿಭಾಗಗಳು ಸಿಗುವುದು ಕಷ್ಟವಾಗಿದೆ. ಗದಗದ ಹತ್ತಿರ ಅದೇ ಗಾಡಿ ಒಂದು ಹಲವು ವರ್ಷಗಳಿಂದ ನಿಂತಲ್ಲೇ ನಿಂತಿದ್ದು, ಮಾರಾಟಕ್ಕಿದೆ. ಬಿಡಿಭಾಗಗಳಿಗಾಗಿಯೇ ಅದನ್ನು ಕೊಳ್ಳುವುದು ಸರಿಯೇ?

ಉತ್ತರ: ಕೊಳ್ಳಬಹುದು. ಆದರೆ ಎಂಜಿನ್ ನೋಡಿ ಕೊಳ್ಳಬೇಡಿ. ಗಾಜು, ಬಾಗಿಲು, ತಗಡು ನೋಡಿ ಕೊಳ್ಳಿ.

ಕ್ಲಚ್ ಪ್ಲೇಟು, ಬ್ರೇಕ್ ಶೂ, ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟುಗಳಂಥವು ಸವೆದು ಹೋಗುವ ಭಾಗಗಳು. ನಿಮ್ಮ ಗಾಡಿಯಲ್ಲಿ ಸವೆದದ್ದು ಆ ಗಾಡಿಯಲ್ಲೂ ಸವೆದೇ ಇರುತ್ತದೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ದಶಕಗಳ ಕಾಲ ಈ ಪದ್ಮಿನಿಗಳೇ ಆಗಿದ್ದುದರಿಂದ ಅಂಥ ಭಾಗಗಳನ್ನು ಮಾಡುವವರೂ ಮಾರುವವರೂ ಇದ್ದರು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿದ ಮೇಲೂ ಹುಡುಕಿದರೆ ಹಳೆಯ ಅಂಗಡಿಗಳಲ್ಲಿ ಅವು ಸಿಗುತ್ತವೆ. ಸಿಗದೆ ಕಾಡುವುದು ಬೇರೆಯವು: ಮುಂದಿನ ಬಾಗಿದ ಗಾಜು, ಬಾಗಿಲಿನ ಹಿಡಿಕೆ, ಗಾಜು ಏರಿಸಿ ಇಳಿಸುವ ಯಂತ್ರ, ಹಿಂದಿನ ದೀಪದ ಕೆಂಪು ಕವಚ, ಸ್ಟೀರಿಂಗಿನ ಪಕ್ಕದ ಗೇರಿನ ರಾಡುಗಳು. ಇವುಗಳಲ್ಲಿ ನಾಲ್ಕಾರು ಚೆನ್ನಾಗಿದ್ದರೂ ಆ ಗಾಡಿ ಕೊಟ್ಟ ಬೆಲೆಗೆ ಬಾಳುತ್ತದೆ.

ಗಾಡಿ ಗದಗದ ಕಡೆಯದು ಎಂಬುದು ನನಗೆ ಸಮಾಧಾನದ ಸಂಗತಿ. ಒಣ ಹವೆಯಲ್ಲಿ ನಿಂತ ಗಾಡಿಯ ರಬ್ಬರು ಬಿರುಕು ಬಿಟ್ಟು, ಡ್ಯಾಶ್‌ಬೋರ್ಡು ಸೀಳಿರಬಹುದು, ಆದರೆ ತಗಡು ಉಳಿದಿರುತ್ತದೆ. ಅಂಕೋಲಾ, ಕಾರವಾರಗಳಿಂದ ಘಟ್ಟ ಹತ್ತಿ ಬಂದ ಗಾಡಿಗಳ ವಿಷಯ ಹಾಗಲ್ಲ. ಹಿಂದೊಮ್ಮೆ ನಾನು ಅಂಥದೊಂದನ್ನು, ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತೆಂಬ ಸಂತೋಷದಲ್ಲಿ, ಮತ್ತೇನನ್ನೂ ನೋಡದೆ ಕೊಂಡು ತಂದೆ. ಬಾಗಿಲು ಕಳಚಲು ಹೋದಾಗ ಬಿಜಾಗರಿಯ ಜೊತೆಗೆ ಅದು ಕೂತಿದ್ದ ತಗಡೂ ಪುಡಿಪುಡಿಯಾಗಿ ಕೈಗೆ ಬಂತು. ಆದ್ದರಿಂದ ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರನ್ನೂ ಸಣ್ಣ ಅಯಸ್ಕಾಂತವನ್ನೂ ಒಯ್ಯಿರಿ. ಕಾಲುಹಾಸನ್ನು ಪೂರ್ತಿ ಎತ್ತಿ, ನೆಲದ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ: ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಾಗಿಲಿನ ಕೆಳ ಅಂಚಿಗೆ ಅಯಸ್ಕಾಂತ ಅಂಟದಿದ್ದರೆ ಅಲ್ಲಿರುವುದು ಬಣ್ಣ ಬಳಿದ ಪುಟ್ಟಿ.

ಮಾದರಿಯನ್ನೂ ಖಚಿತಪಡಿಸಿಕೊಳ್ಳಿ. ನಮ್ಮ ಕಡೆ ಪ್ರೀಮಿಯರ್ ಕಂಪನಿಯ ಎಲ್ಲ ಗಾಡಿಗಳನ್ನೂ ಫಿಯೆಟ್ ಎನ್ನುವ ರೂಢಿಯಿದೆ. ನಿಮ್ಮದು 1089 ಸಿಸಿ ಎಂಜಿನ್ನಿನ, ಫಿಯೆಟ್ 1100 ಮೂಲದ ಗಾಡಿ. ಅದೇ ಕಂಪನಿಯ ಇನ್ನೊಂದು ಗಾಡಿ 118 ಎನ್‌ಇ ಎಂಬುದು ಫಿಯೆಟ್ 124 ಮೂಲದ ದೇಹಕ್ಕೆ ನಿಸಾನ್ ಎಂಜಿನ್ ಕೂಡಿಸಿದ್ದು. ಅದರ ಬಾಗಿಲಾಗಲಿ ಗಾಜಾಗಲಿ ನಿಮ್ಮ ಗಾಡಿಗೆ ಕೂಡುವುದಿಲ್ಲ.

ಇನ್ನು ಕಾಗದಪತ್ರ. ಗುಜರಿಗೆ ಹೋಗುವ ಗಾಡಿಗೆ ಕಾಗದವೇಕೆ ಎಂದು ಮಾರುವವರು ಹೇಳಬಹುದು, ಒಪ್ಪಬೇಡಿ. ಆರ್‌ಸಿ ಪುಸ್ತಕದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಡನೆ ನೀವೇ ಓದಿ ತಾಳೆ ನೋಡಿ, 29 ಮತ್ತು 30ನೆಯ ನಮೂನೆಗಳಲ್ಲಿ ಸಹಿ ಪಡೆದು, ಮೊದಲು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಬಿಚ್ಚಿದ ಮೇಲೆ ಅದು ಮತ್ತೆ ರಸ್ತೆಗಿಳಿಯದ ಸ್ಥಿತಿಗೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನಂತೆ ಹದಿನಾಲ್ಕು ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಅದರ ಎಂಜಿನ್ನನ್ನೇ ನಿಮ್ಮ ಗಾಡಿಗೆ ಕೂಡಿಸುವುದಾದರೆ ಹೊಸ ಎಂಜಿನ್ ಸಂಖ್ಯೆ ನಿಮ್ಮ ಆರ್‌ಸಿಯಲ್ಲಿ ದಾಖಲಾಗಲೇಬೇಕು.

ಗಾಡಿ ತಂದ ಮೇಲೆ ಇಡಿಯಾಗಿ ನಿಲ್ಲಿಸಿಟ್ಟು, ಬೇಕಾದಾಗ ಒಂದೊಂದೇ ಭಾಗ ಕೀಳುವ ಪದ್ಧತಿಯನ್ನು ನಾನು ಮೆಚ್ಚುವುದಿಲ್ಲ. ಗದಗದ ಬಿಸಿಲಿನಲ್ಲಿ ಉಳಿದುಕೊಂಡ ತಗಡು ಧಾರವಾಡದ ಎರಡು ಮಳೆಗಾಲಗಳಲ್ಲಿ ಹಾಳಾದೀತು. ಬ್ಯಾಟರಿ ತೆಗೆದು, ಪೆಟ್ರೋಲ್ ಬಸಿದು, ನಿಮ್ಮ ಮಿಸ್ತ್ರಿಯವರನ್ನು ಕರೆಸಿ ಬೇಸಿಗೆಯಲ್ಲೇ ಪೂರ್ತಿ ಬಿಚ್ಚಿಸಿ. ಗಾಜನ್ನು ಹಳೆಯ ಕೌದಿಯಲ್ಲಿ ಸುತ್ತಿ, ಮಲಗಿಸದೆ ಗೋಡೆಗೆ ಒರಗಿಸಿ ನಿಲ್ಲಿಸಿ. ಪ್ರತಿ ಭಾಗದ ನಟ್ಟು-ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ಯಾವ ಬಾಗಿಲಿನದು, ಎಡದ್ದೋ ಬಲದ್ದೋ ಎಂದು ಬರೆದ ಚೀಟಿಯನ್ನು ಒಳಗಿಡಿ. ಕಬ್ಬಿಣದ ಭಾಗಗಳಿಗೆ ಗ್ರೀಸು ಸವರಿ, ವೈರಿಂಗನ್ನು ಇಲಿ ಸೇರದಂತೆ ಮುಚ್ಚಳದ ಪೆಟ್ಟಿಗೆಯಲ್ಲಿಡಿ.

ಇಷ್ಟನ್ನೂ ಇಡಲು ಸೋರದ ಒಂದು ಕೋಣೆ ನಿಮ್ಮಲ್ಲಿಲ್ಲವಾದರೆ ಇಡೀ ಗಾಡಿ ಕೊಳ್ಳಬೇಡಿ. ಆಗ ಮುಂದಿನ ಗಾಜು, ನಾಲ್ಕು ಬಾಗಿಲು, ಗೇರಿನ ರಾಡು ಇಷ್ಟನ್ನೇ ಬಿಚ್ಚಿಕೊಡುವಿರಾ ಎಂದು ಗದಗಿನವರನ್ನು ಕೇಳಿ ನೋಡಿ, ಕೊಟ್ಟರೆ ರಸೀದಿಯಲ್ಲಿ ಆ ಗಾಡಿಯ ನೋಂದಣಿ ಸಂಖ್ಯೆಯನ್ನು ಬರೆಸಿಕೊಂಡು ತನ್ನಿ.